ಮಣ್ಣೆತ್ತು ತುಂಬಿದ್ದ ನಮ್ಮ ಬಾವಿ

ನಮ್ಮೂರ ಬಾವಿಯಿಂದಲೇ ಮಗಳು ಗಂಗೆಯ ಕೊಡ ಹೊತ್ತು ತಂದಳು! ಬೇರೇನು ಹೇಳುವ ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಹೊಟ್ಟೆ ಬಿರಿದೀತು. ಅವಳ ತಲೆಯ ಮೇಲೆ ತಾಮ್ರದ ಕೊಡ, ಹಿಂದೆ ನನ್ನ ಹೆಂಡತಿಯ ತೋಳಲ್ಲಿ ನಮ್ಮ ಮೊದಲ ಮೊಮ್ಮಗಳು. ನಾನು ಓಣಿಯ ತುಂಬ ಬೆಲ್ಲ ಹಂಚಿದೆ. ಕೊಟ್ಟವರಿಗೇ ಎರಡೆರಡು ಸಲ ಕೊಟ್ಟೆನಂತೆ, ಆಮೇಲೆ ಎಲ್ಲರೂ ನಕ್ಕರು.

ನಾನು ಮೂರನೆಯ ಇಯತ್ತೆಯವರೆಗೆ ಕಲಿತವನು. ಬರೆಯುವುದರಲ್ಲಿ ಹಿಂದೆಮುಂದೆ ಆದರೆ ಓದುವವರು ನಡೆಸಿಕೊಳ್ಳಬೇಕು.

ರಾಜರ ಸಂಸ್ಥಾನ ಹೋಗಿ ಐದಾರು ವರ್ಷಗಳಾಗಿದ್ದವು. ಸಂಖದ ಕಡೆಯ ನಮ್ಮ ಊರಿಗೆ ಕುಡಿಯಲು ಇದ್ದದ್ದು ಒಂದೇ ಮೆಟ್ಟಿಲು ಬಾವಿ. ಉಟಗಿಗೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆ ಸುಖವಾಗಿ ಆಯಿತು. ಬಾಣಂತಿ ಮೊದಲ ಸಲ ಹೊಸ್ತಿಲು ದಾಟುವ ದಿನ ಬಾವಿಗೆ ಹೋಗಿ ಗಂಗೆಯನ್ನು ಪೂಜಿಸಿ, ಒಂದು ಕೊಡ ನೀರು ತರುವುದು ನಮ್ಮಲ್ಲಿ ದೊಡ್ಡ ಕಾರ್ಯ. ಅಂದಿನ ಅಡುಗೆ ಆ ನೀರಿನಿಂದಲೇ ಆಗಬೇಕು. ದಿನ ಗೊತ್ತುಮಾಡಲು ಬಂದ ಸೂಲಗಿತ್ತಿ ಬಾವಿಗೆ ಇಣುಕಿ ಬಂದು ಮುಖ ಸಿಂಡರಿಸಿದಳು.

"ಆ ನೀರು ಕೂಸಿನ ತಾಯಿಗಿ ಕುಡಸ್ತೀರೇನ್ರಿ? ಮ್ಯಾಲ ಹಾಲಿನಂಗ ಕೆನಿ ಕಟ್ಟೈತಿ, ಹಸರು ಕೆನಿ! ಪಕ್ಕದೂರ ತೋಟದ ಬಾವಿಗಿ ಕರಕೊಂಡ ಹೋಗ್ರಿ."

ಒಳಗಿನಿಂದ ಮಗಳ ದನಿ ಬಂತು. "ಅಪ್ಪಾ, ನಾ ಹುಟ್ಟಿದಾಗ ನಮ್ಮವ್ವ ಪೂಜಿ ಮಾಡಿದ ಬಾವಿ ಅದು. ಮಂದಿ ಬಾವಿಗಿ ನಾ ಹೋಗಂಗಿಲ್ಲ."

ಅವಳು ಅಳುತ್ತಿದ್ದಳು. ಪೂಜೆಗೆ ಇನ್ನು ಇಪ್ಪತ್ತು ದಿನವಿತ್ತು.

ಬಾವಿ ಹೊಲಸು ಮಾಡಿದವರು ಯಾರೋ ಪರವೂರಿನವರಲ್ಲ, ನಾನೇ. ಪೂಜೆಯ ಹಳೆಯ ಹೂವು, ಪತ್ರಿ ಯಾರ ಕಾಲಿಗೂ ಸಿಗಬಾರದೆಂದು ದಿನಾ ಬೆಳಿಗ್ಗೆ ಬಾವಿಗೆ ಬಿಡುತ್ತಿದ್ದೆ. ಇಡೀ ಊರೂ ಹಾಗೆಯೇ. ತಿಪ್ಪೆಯ ಕಸವನ್ನು ಯಾರೂ ಹಾಕಿದವರಲ್ಲ. ಭಕ್ತಿಯಿಂದಲೇ ನೀರು ಕೊಳೆಸಿದ್ದೆವು.

ನೆರೆಯವರನ್ನು ಕೈಮುಗಿದು ಕರೆದೆ. ಎಂಟು ಮಂದಿ ಇಳಿದು ಹೂಳೆತ್ತಿದೆವು. ಬುಟ್ಟಿ ಬುಟ್ಟಿ ಕರಿಮಣ್ಣು ಬಂತು. ಬಾವಿಯ ತಳವೆಲ್ಲ ಬಂಡೆಗಲ್ಲು, ಇಷ್ಟು ಎರೆಮಣ್ಣು ಎಲ್ಲಿಂದ ಬಂತೆಂದು ನಾನು ಬೆರಗಾಗಿ ನಿಂತೆ. ಮೇಲೆ ಬುಟ್ಟಿ ಹಿಡಿಯುತ್ತಿದ್ದ ಹೆಂಡತಿ ನಕ್ಕಳು.

"ವರ್ಷಾ ಮಣ್ಣೆತ್ತು ತಂದು ಮುಳುಗಿಸಿದವರು ಯಾರ್ರಿ? ನಿಮ್ಮ ಎತ್ತಗಳ ತಿರುಗಿ ಬಂದಾವ, ಮೇವು ಹಾಕ್ರಿ!"

ನಿಜವೇ. ಮಣ್ಣೆತ್ತಿನ ಅಮವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ, ಆಮೇಲೆ ಬಾವಿಗೆ ಬಿಡುತ್ತೇವೆ. ಆ ವರ್ಷದ ಅಮವಾಸ್ಯೆ ಗಂಗೆಯ ಪೂಜೆಗೆ ಮೂರೇ ದಿನ ಮುಂಚೆ ಬರುವುದಿತ್ತು! ಅಂದು ಎತ್ತುಗಳು ಬಾವಿಗೆ ಬಿದ್ದರೆ ನೀರು ಮತ್ತೆ ಕೆಸರು, ಮಗಳು ಮತ್ತೆ ಮಂದಿ ಬಾವಿಗೆ.

ಮಾರನೆಯ ದಿನದಿಂದ ಬಾವಿಯ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತೆ. ಎಲ್ಲರ ದೇವರ ಹೂವನ್ನೂ ಅದರಲ್ಲಿ ಹಾಕಿಸಿಕೊಂಡು, ನಮ್ಮ ಹೊಲದ ಬದುವಿನಲ್ಲಿ ಯಾರೂ ತುಳಿಯದ ಕಡೆ ಹುಗಿದು ಬರುತ್ತಿದ್ದೆ. ಹೆಂಡತಿ ನನ್ನನ್ನು ದೇವರ ಹಮಾಲ ಎಂದು ಕರೆಯತೊಡಗಿದಳು. ಕರೆಯಲಿ ಬಿಡಿ. ನಿಮ್ಮ ಬಾವಿಗೆ, ಹಳ್ಳಕ್ಕೆ ನೀವೂ ಒಮ್ಮೆ ಇಣುಕಿ ನೋಡಿ, ಆಮೇಲೆ ನಗಿರಿ.

ಅಮವಾಸ್ಯೆಯ ಸಂಜೆ ನಮ್ಮ ಮನೆಯ ಮುಂದೆ, ದನ ನೀರು ಕುಡಿಯುವ ಕಲ್ಲಿನ ಡೋಣಿಯನ್ನು ತಿಕ್ಕಿ ತೊಳೆದು ತುಂಬಿಸಿದೆ. ಎತ್ತುಗಳನ್ನು ಇದರಲ್ಲೇ ಬಿಡಿರೆಂದು ಬೇಡಿಕೊಂಡೆ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯ ಮುದುಕಿ ತನ್ನ ಎತ್ತಿನ ತಟ್ಟೆ ಎದೆಗೆ ಅವುಚಿಕೊಂಡು ನಿಂತಳು.

"ತಮ್ಮಾ, ಎತ್ತು ಹರಿಯೋ ನೀರಿಗಿ ಬಿಡೂದು ಪದ್ಧತಿ."

"ಅತ್ತಿ, ಬಾವಿ ಎಲ್ಲಿ ಹರೀತೈತಿ? ಹಾಕಿದ್ದು ಅಲ್ಲೇ ಕುಂದರತೈತಿ. ನಿಮ್ಮ ಎತ್ತು ನಾಳಿ ನಿಮ್ಮ ಕೊಡದಾಗ ಮನಿಗಿ ಬರ್ತಾವ."

"ಹಂಗಾದ್ರ ಮೊದಲ ನಿಂದು ಹಾಕು. ದೇವರು ಸಿಟ್ಟಾದ್ರ ನಿನ್ನ ಮ್ಯಾಲ ಆಗಲಿ!"

ಹಾಕಿದೆ. ಕೋಡು ಕರಗಿತು, ಬೆನ್ನ ಮೇಲಿನ ಇಣಿ ಕರಗಿತು. ಮುದುಕಿ ಬಗ್ಗಿ ಕೊನೆಯವರೆಗೂ ನೋಡಿದಳು.

"ಚಲೋ ಕರಗಿದ್ವು," ಎಂದು ತನ್ನವನ್ನೂ ಬಿಟ್ಟಳು.

ಅವಳ ಹಿಂದೆ ಓಣಿಯೇ ಬಂತು. ಎರಡು ಮನೆಯವರು ಮಾತ್ರ ಕದ್ದು ಬಾವಿಗೇ ಬಿಟ್ಟರು. ಬೆಳಗಾದ ಮೇಲೆ ನಾನೇ ಇಳಿದು, ಅಳಿದುಳಿದ ಮಣ್ಣನ್ನು ಎತ್ತಿದೆ, ಬೈಯಲಿಲ್ಲ. ಡೋಣಿಯ ಮಣ್ಣು ನಮ್ಮ ಮಾಳಿಗೆಯ ಸೋರುವ ಕಡೆ ಮೆತ್ತಲು ಬಂತು. ಅದನ್ನು ಕಂಡು ಆ ಎರಡು ಮನೆಯವರೂ, "ನಮಗೂ ಒಂದ ಬುಟ್ಟಿ ಕೊಡ್ರಿ" ಎಂದು ಬಂದರು!

ಪೂಜೆಯ ದಿನ ಸೂಲಗಿತ್ತಿ ಮೆಟ್ಟಿಲಿಳಿದು ಇಣುಕಿದಳು. ತಳದ ಕಲ್ಲು ಕಾಣುತ್ತಿತ್ತು. ಬೊಗಸೆಯಲ್ಲಿ ನೀರೆತ್ತಿ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು.

"ಕೊಡ ತುಂಬವ್ವಾ, ಲಗೂನ," ಎಂದಳು ಮಗಳಿಗೆ. "ಇನ್ನ ನಿಂತ್ರ ನಾನ ಎಲ್ಲಾ ಕುಡದಬಿಡ್ತೀನಿ."

ಆ ಸಂಜೆ ಉಟಗಿಯ ಬೀಗರೂ ಬಂದಿದ್ದರು. ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರು ಉಣ್ಣುವುದು ನಮ್ಮ ಮನೆಯ ವಾಡಿಕೆ, ಆದರೆ ಅಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂಡಿಸಿದೆ. ಹೋಳಿಗೆ, ಕಟ್ಟಿನ ಸಾರು, ಬಿಸಿ ಅನ್ನ, ಎಲ್ಲವೂ ಆ ಕೊಡದ ನೀರಿನಿಂದಲೇ ಆದದ್ದು. ಬೀಗರು ಗಟಗಟ ನೀರು ಕುಡಿದು, ಚರಗಿಯನ್ನು ಮತ್ತೆ ಮುಂದೆ ಚಾಚಿದರು. ಹೆಂಡತಿ ಏಳಹೋದಳು.

"ನೀ ಕುಂದ್ರ, ಉಣ್ಣು," ಎಂದು ನಾನೇ ಎದ್ದು ನೀರು ಹಾಕಿದೆ.