ಎರಡನೆಯ ಫ್ಲಾಪಿ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಆಗ ನಾನು ಬಾಯಿ ಬಿಟ್ಟಿದ್ದರೆ ನಿನ್ನ ಎರಡು ವರ್ಷದ ಕೆಲಸ ಉಳಿಯುತ್ತಿತ್ತು, ಸಿಲ್ವಿಯಾ. ನನಗೆ ಗೊತ್ತಿತ್ತು — ಆದರೂ ಸುಮ್ಮನಿದ್ದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಣಿಪಾಲದ ನಮ್ಮ ಕಂಪ್ಯೂಟರ್ ಲ್ಯಾಬಿಗೂ ಉಡುಪಿಯ ಇನ್ನೊಂದು ಲ್ಯಾಬಿನ ವಿದ್ಯಾರ್ಥಿಗಳಿಗೂ ಯುದ್ಧ — ನಾವು ಹಾಗೆಯೇ ಕರೆಯುತ್ತಿದ್ದೆವು. ಅವರು ಫ್ಲಾಪಿಯಲ್ಲಿ ಒಂದು ವೈರಸ್ ಅಡಗಿಸಿ ಕಳಿಸಿದರು. ಪರದೆಯ ಮೇಲೆ ನಮ್ಮನ್ನು ಹೀಯಾಳಿಸುವುದಷ್ಟೇ ಅದರ ಕೆಲಸ. ಉತ್ತರವಾಗಿ ನಾನು ಬರೆದದ್ದು ‘ಬೇಟೆಗಾರ’ ಎಂಬ ಪ್ರೋಗ್ರಾಂ. ಅದು ಫ್ಲಾಪಿಯಿಂದ ಫ್ಲಾಪಿಗೆ ತಾನಾಗಿಯೇ ಹರಡಬೇಕು, ಅವರ ವೈರಸ್ ಕಂಡಲ್ಲಿ ಇಡೀ ಫ್ಲಾಪಿಯನ್ನೇ ಅಳಿಸಬೇಕು. ಹದಿನೈದು ದಿನ ಮುಂದಿನ ಒಂದು ತಾರೀಖು ಕೊಟ್ಟು, ಅದು ದಾಟಿದರೆ ತಾನೇ ಸಾಯಬೇಕು ಎಂದೂ ಬರೆದಿದ್ದೆ. ತಾರೀಖು ಬದಲಿಸಿ ಪರೀಕ್ಷಿಸಿದಾಗ ಸತ್ತಿತು ಕೂಡ. ಆ ಒಂದು ಸಾಲನ್ನು ನಂಬಿ ಅದನ್ನು ಹರಡಲು ಬಿಟ್ಟುಬಿಟ್ಟೆ.

ಆದರೆ ಲ್ಯಾಬಿನ ಯಂತ್ರಗಳಿಗೆ ತಾರೀಖು ನೆನಪಿರುತ್ತಿರಲಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಇವತ್ತು ಯಾವ ದಿನ ಎಂದು ಕೇಳುತ್ತಿದ್ದವು. ನಾವು — ನಾನೂ — ಸೋಮಾರಿಗಳು, ಏನೂ ಬರೆಯದೆ ಎಂಟರ್ ಒತ್ತುತ್ತಿದ್ದೆವು. ಅವುಗಳ ಪಾಲಿಗೆ ಪ್ರತಿದಿನವೂ ೧೯೮೦ರ ಜನವರಿ ಒಂದು. ನಾನು ಕೊಟ್ಟ ತಾರೀಖು ಅಲ್ಲಿ ಬರಲೇ ಇಲ್ಲ.

ನೀನು ಶಿರ್ವದಿಂದ ಬಸ್ಸು ಹಿಡಿದು, ಕಾಪುವಿನ ಮೀನುಗಾರರ ಮನೆಗಳಿಗೆ ತಿಂಗಳು ತಿಂಗಳೂ ಹೋಗಿ, ಮಕ್ಕಳ ತೂಕ, ಎತ್ತರ ಅಳೆದು ತರುತ್ತಿದ್ದೆ, ನಿನ್ನ ಸಂಶೋಧನೆಗೆ. “ಕಂಪ್ಯೂಟರಿಗೆ ಹಾಕಿದ ಮೇಲೆ ಈ ಕಾಗದದ ರಾಶಿ ಎಂತಕ್ಕೆ?” ಎಂದವನು ನಾನೇ. ನೀನು ಅದನ್ನು ಬಚ್ಚಲೊಲೆಗೆ ಹಾಕಿದೆ.

ನಾನು ಕೊಟ್ಟ ತಾರೀಖು ದಾಟಿ ಎಷ್ಟೋ ದಿನವಾಗಿತ್ತು. ಆ ಬೆಳಿಗ್ಗೆ ನೀನು ಹಾಕಿದ ಮೊದಲ ಫ್ಲಾಪಿ ಖಾಲಿ ತೋರಿಸಿತು.

“ಎಂತ ಮಾರಾಯ, ನನ್ನ ಮಕ್ಕಳನ್ನೆಲ್ಲ ನಿನ್ನ ಡಬ್ಬಿ ನುಂಗಿತಾ?” ನೀನು ನಗುತ್ತಲೇ ಕೇಳಿದೆ. “ಇರಲಿ, ಇನ್ನೊಂದು ಕಾಪಿ ಉಂಟು.”

ಬೇಟೆಗಾರ ಸತ್ತಿಲ್ಲ ಎಂದು ಆಗಲೇ ಹೊಳೆಯಿತು. ಎರಡನೆಯದೂ ಅದೇ ಯಂತ್ರದಲ್ಲಿ ಮಾಡಿದ ಪ್ರತಿ. ಅವರ ವೈರಸ್ ಅದರಲ್ಲೂ ಇರಲೇಬೇಕು. ‘ಹಾಕಬೇಡ’ — ಒಂದೇ ಮಾತು. ಆದರೆ ಯಾಕೆ ಎಂದು ನೀನು ಕೇಳಿದ್ದರೆ... ಡ್ರೈವಿನ ಕೆಂಪು ದೀಪ ಹತ್ತಿತು, ಆರಿತು. ಎರಡನೆಯದೂ ಖಾಲಿ.

“ಹೊರಗಿನ ಫ್ಲಾಪಿ ತಂದು ಹಾಳು ಮಾಡಿದ್ದು ನೀವೇ ಅಲ್ವಾ? ಇನ್ನು ಲ್ಯಾಬಿಗೆ ಬರುವುದು ಬೇಡ,” ಎಂದು ಲ್ಯಾಬಿನ ಮುಖ್ಯಸ್ಥರು ನಿನಗೆ ಹೇಳಿದರು. ನೀನು ನನ್ನ ಮುಖ ನೋಡಿದೆ. ನಾನು ಕೀಲಿಮಣೆ ನೋಡುತ್ತಿದ್ದೆ.

ಆಮೇಲೆ ನಾನು ಯಂತ್ರಗಳನ್ನು ಒಂದೊಂದಾಗಿ ಶುಚಿ ಮಾಡಿದೆ. ಯಾರದೋ ಜೇಬಿನ ಫ್ಲಾಪಿಯಲ್ಲಿ ಆ ಪ್ರೋಗ್ರಾಂ ಮತ್ತೆ ಬಂತು. ಕಾರ್ಕಳದ ಗೆಳೆಯನೊಬ್ಬ, “ನಮ್ಮಲ್ಲಿಯೂ ಒಂದು ಖಾಲಿ ಆಯಿತು ಮಾರಾಯ,” ಎಂದ. ನಾನೇ ಬರೆದದ್ದು — ನಿಲ್ಲು ಎನ್ನಲು ನನಗೇ ದಾರಿ ಇರಲಿಲ್ಲ.

ನೀನು ಸಂಶೋಧನೆ ಬಿಟ್ಟೆ ಎಂದು ಆಮೇಲೆ ಯಾರೋ ಹೇಳಿದರು. ಈ ಪತ್ರದ ಪ್ರತಿಯನ್ನು ಅಂದಿನ ಮುಖ್ಯಸ್ಥರಿಗೂ ಕಳಿಸುತ್ತಿದ್ದೇನೆ. ಕ್ಷಮಿಸು ಎನ್ನುವುದಿಲ್ಲ. ಹೇಳಲು ಉಳಿದದ್ದು ಇಷ್ಟೇ: ಆ ಯಂತ್ರಗಳನ್ನು ಗುಜರಿಯವರು ಲಾರಿಗೆ ಹೇರಿ ಪರ್ಕಳದ ಕಡೆ ಒಯ್ದ ದಿನ, ನನಗೆ ಮೊದಲ ಸಲ ಬೆಳಗಿನವರೆಗೂ ನಿದ್ದೆ ಬಂತು. ನಿನಗೆ ಎಂದು ಬಂತೋ — ನಾನು ಕೇಳಲೇ ಇಲ್ಲ.