ದೇವರನ್ನು ಮನೆಯಲ್ಲಿ ಬಿಟ್ಟು ಹೋದ ಹುಡುಗ

ಇಷ್ಟಲಿಂಗವನ್ನು ಗೂಟಕ್ಕೆ ತೂಗುಹಾಕಿ ಪರವೂರಿಗೆ ಹೋಗುವ ಲಿಂಗವಂತರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ದೂರ ಹೋಗಬೇಕಾಗಲಿಲ್ಲ, ನಮ್ಮ ಮನೆಯಲ್ಲೇ.

ಒಂದು ಸೋಮವಾರ ಬೆಳಿಗ್ಗೆ ದೇವರ ಕೋಣೆ ಸಾರಿಸಲು ಹೋದೆ. ಗೋಡೆಯ ಗೂಟದಲ್ಲಿ ನಮ್ಮ ಮೈದುನನ ಬೆಳ್ಳಿ ಕರಡಿಗೆ ತೂಗುತ್ತಿತ್ತು. ಒಳಗೆ ಲಿಂಗವೂ ಇತ್ತು. ಹುಡುಗ ಆಗಲೇ ಬಸ್ಸು ಹತ್ತಿ ಹೋಗಿಯಾಗಿತ್ತು. ಲಿಂಗ ಮೈಮೇಲಿಂದ ಇಳಿಯಬಾರದು, ಪೂಜೆಯಾಗದೆ ತುತ್ತು ಎತ್ತಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಪಾಪ, ಮರೆತು ಹೋದ, ಅಲ್ಲಿ ಉಣ್ಣುವುದು ಹೇಗೆ ಎಂದು ಸಂಕಟವಾಯಿತು. ಆ ವಾರವೆಲ್ಲ ಅವನ ಪಾಲಿನ ಪೂಜೆಯನ್ನೂ ನಾನೇ ಮಾಡಿದೆ. (ಇದಕ್ಕೆ ಶಾಸ್ತ್ರ ಒಪ್ಪುತ್ತದೋ ಇಲ್ಲವೋ, ಬಲ್ಲವರು ಹೇಳಬೇಕು. ನನಗಂತೂ ಸುಮ್ಮನಿರಲಾಗಲಿಲ್ಲ.)

ಮುಂದಿನ ಸೋಮವಾರವೂ ಕರಡಿಗೆ ಗೂಟದಲ್ಲಿತ್ತು. ಅದರ ಮುಂದಿನ ಸೋಮವಾರವೂ. ಮರೆವು ಹೀಗೆ ವಾರ ಹಿಡಿದು ಬರುತ್ತದೆಯೇ?

ನಾನು ಸಿಂದಗಿಯ ಈ ಮನೆಗೆ ಸೊಸೆಯಾಗಿ ಬಂದಾಗ ಮೈದುನ ಆರು ವರ್ಷದವ. ತಲೆ ಬಾಚಿ ಸಾಲೆಗೆ ಕಳಿಸಿದವಳು ನಾನು. ಈಗ ಇಪ್ಪತ್ತೆರಡು. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದಿದೆಯಲ್ಲ, ಅಲ್ಲಿ ಒಬ್ಬ ಗುತ್ತೇದಾರರ ಹತ್ತಿರ ಹಾಜರಿ ಬರೆಯುತ್ತಾನೆ. ಶನಿವಾರ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಮನೆಗೆ ಬರುತ್ತಾನೆ, ಸೋಮವಾರ ಹೋಗುತ್ತಾನೆ. ಟೆರಿಲಿನ್ ಶರ್ಟು, ಕಿವಿ ಮುಚ್ಚುವ ಕೂದಲು. ಒಳ್ಳೆಯ ಹುಡುಗ. (ಎಲ್ಲ ಅತ್ತಿಗೆಯರೂ ಹೀಗೇ ಹೇಳುತ್ತಾರೆ ಎಂದು ನಗಬೇಡಿ.)

ನಾಲ್ಕನೆಯ ಶನಿವಾರ ಅವನಿಗೆ ಚಹಾ ಕೊಟ್ಟು, ಎದುರಿಗೆ ಕುಳಿತು ಕೇಳಿದೆ. ಕಪ್ಪು ಕೆಳಗಿಟ್ಟ. ಆಮೇಲೆ ಅಂದ:

"ಅದು ಎದಿ ಮ್ಯಾಲ ಇದ್ರ ಗ್ಲಾಸ್ ಎತ್ತಾಕ ಕೈ ಬರೂದಿಲ್ರಿ ವೈನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುಡಿತ ಬಿಡಲಾರ, ಲಿಂಗದೇವರ ಎದುರಿಗೆ ಕುಡಿಯಲಾರ. ಅದಕ್ಕೇ ದೇವರಿಗೆ ಆರು ದಿನ ರಜೆ ಕೊಟ್ಟಿದ್ದ! ಇಂಥ ತಪ್ಪನ್ನು ನಮ್ಮ ಹುಡುಗರಲ್ಲದೆ ಇನ್ನಾರು ಮಾಡಿಯಾರು? ಒಂದು ಸಣ್ಣ ಸಮಾಧಾನವೂ ಆಯಿತು. ಅಂಜಿಕೆ ಇನ್ನೂ ಉಳಿದಿದೆಯಲ್ಲ, ದೇವರು ದೊಡ್ಡವ.

ಅಲ್ಲಿ ಸಂಬಳವಾದ ದಿನ ಫ್ರೆಂಡ್ಸೆಲ್ಲ ಸೇರಿ ಪಾರ್ಟಿ ಮಾಡುತ್ತಾರಂತೆ. ಒಲ್ಲೆ ಎಂದವನನ್ನು "ಅವ್ವನ ಸೆರಗು ಬಿಟ್ಟು ಬಂದಿಲ್ಲೇನು" ಎಂದು ಹಂಗಿಸುತ್ತಾರಂತೆ. ಮೊದಲು ತಿಂಗಳಿಗೊಮ್ಮೆ ಇದ್ದದ್ದು ಈಗ ವಾರದಲ್ಲಿ ಮೂರು ದಿನಕ್ಕೆ ಬಂದು ನಿಂತಿದೆ. ಹಿಂದೆ ಸೆರೆ ಕುಡಿಯುವವರು ಊರಲ್ಲಿ ಬೆರಳೆಣಿಕೆಯಷ್ಟು ಜನ. ಓಣಿ ತಪ್ಪಿಸಿ, ತಲೆಗೆ ವಲ್ಲಿ ಹೊದ್ದು ಹೋಗುತ್ತಿದ್ದರು. ಈಗ ಮೀಸೆ ಮೂಡದವರಿಗೂ ಅದು ಫ್ಯಾಶನ್. ಇಂಡಿ ಊರಿನಲ್ಲಿರುವ ನನ್ನ ಅಕ್ಕನ ಮನೆಯ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಮದುಮಗನ ಗೆಳೆಯರು ಒಬ್ಬರೂ ಇರಲಿಲ್ಲ. ಊಟಕ್ಕೆ ಬಂದರು. ಕಣ್ಣು ಕೆಂಪಗೆ, ಬಾಯಲ್ಲಿ ಏಲಕ್ಕಿ.

ಅತ್ತೆಗೆ ವಿಷಯ ಹೇಳಿದೆ. ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು! ಹುಡುಗನ ಕಣ್ಣೇಕೆ ಕೆಂಪು ಎಂದು ಯಾರಾದರೂ ಕೇಳಿದರೆ ಅವನಿಗೆ ಪಿತ್ತ ಎಂದು ಹೇಳು ಅಂದರು. ನಮ್ಮ ಮನೆಯವರೂ ಹೂಂ ಎಂದು ತಲೆಯಾಡಿಸಿದರು. ನೋಡಿ, ಕುಡಿಯುವವನು ಒಬ್ಬ. ಕುಡಿಯದ ನಾವು ಮೂವರೂ ಸುಳ್ಳು ಕಲಿತೆವು. ಸೆರೆ ಮೊದಲು ಕೆಡಿಸುವುದು ಯಾರನ್ನು?

ಮದುವೆ ಮಾಡಿದರೆ ತಾನೇ ಬಿಡುತ್ತಾನೆ ಎಂಬುದು ಅತ್ತೆಯ ನಂಬಿಕೆ. (ನಮ್ಮ ಕಡೆ ಜ್ವರಕ್ಕೆ ಕಷಾಯ, ಕುಡಿತಕ್ಕೆ ಕನ್ಯೆ.) ನಾಲತವಾಡದ ಒಂದು ಹೆಣ್ಣಿಗೆ ಮಾತು ನಡೆದೇ ಇತ್ತು. ಶ್ರಾವಣದ ಒಂದು ಭಾನುವಾರ ಹೆಣ್ಣಿನ ತಂದೆ, ಅಜ್ಜಿ ನಮ್ಮ ಮನೆತನ ನೋಡಲು ಬಂದರು. ಅವರು ನಮ್ಮ ಮನೆಯಲ್ಲಿ ಸಿಹಿ ಉಂಡರೆ ಮಾತು ಕೂಡಿತೆಂದೇ ಲೆಕ್ಕ. ಒಲೆಯ ಮೇಲೆ ಸಜ್ಜಕ ಕುದಿಯುತ್ತಿತ್ತು.

ಪಡಸಾಲೆಯಲ್ಲಿ ಗಂಡಸರು ಹೊಲದ ಮಾತು ಆಡುತ್ತಿದ್ದರು. ಅಜ್ಜಿ ಮಾತ್ರ ನೆಟ್ಟಗೆ ಅಡುಗೆಮನೆಗೆ ಬಂದು, ಮೆಂತ್ಯದ ಸೊಪ್ಪು ಮುಂದೆಳೆದುಕೊಂಡು ಸೋಸತೊಡಗಿದರು. ಗಂಡಸರು ಹೊಲ ನೋಡಲಿ, ನಾನು ಒಲೆಯ ಮುಂದೆ ಕುಳಿತು ಹುಡುಗನನ್ನು ನೋಡುತ್ತೇನೆ ಅಂದರು. ಅತ್ತೆ ಹೊರಗೆ ಹೋದದ್ದೇ ತಡ, ದನಿ ತಗ್ಗಿಸಿದರು.

"ನಿನಗೊಂದು ಮಗಳು ಅದಾಳ ಅಂದಿ. ಇಂಥಾ ಹುಡುಗಗ ಅಕೀನ್ನ ಕೊಡ್ತಿದ್ದೇನವಾ?"

ಪಿತ್ತ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನನ್ನ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು. ನನ್ನ ಎಂಟು ವರ್ಷದ ಮಗಳು ಹಿತ್ತಲಲ್ಲಿ ಕುಂಟಾಟ ಆಡುತ್ತಿದ್ದಳು.

"ಈಗ ಕೊಡ್ತಿದ್ದಿಲ್ರಿ ಆಯಿ. ಹುಡುಗ ಬಂಗಾರದಂಥಾವ. ಆದ್ರ ಕುಡೀತಾನ್ರಿ."

ಹೇಳಿದ ಮೇಲೆ ಗೂಟದ ಕತೆಯನ್ನೂ ಹೇಳಿದೆ, ಅವನ ಒಳ್ಳೆಯತನಕ್ಕೆ ಅದೇ ಸಾಕ್ಷಿ ಎಂದು ನನ್ನ ಎಣಿಕೆ. ಅಜ್ಜಿ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ದೇವರನ್ನ ಮನ್ಯಾಗ ಬಿಟ್ಟು ಹೋಗಾವ ನನ್ನ ಮೊಮ್ಮಗಳನ್ನೂ ಮನ್ಯಾಗ ಬಿಟ್ಟು ಹೋಗ್ತಾನ," ಅಂದರು.

ಈ ಮಾತಿಗೆ ನಿಮ್ಮ ಹತ್ತಿರ ಉತ್ತರವಿದೆಯೇ?

ಅವತ್ತು ಅವರು ರೊಟ್ಟಿ, ಪಲ್ಯ ಉಂಡರು. ಸಜ್ಜಕ ಮುಟ್ಟಲಿಲ್ಲ. ಹೋಗುವಾಗ ಅಜ್ಜಿ ನನ್ನ ಕೈ ಹಿಡಿದು, ದಸರೆಯ ನಂತರದ ಶೀಗಿ ಹುಣ್ಣಿಮೆಯವರೆಗೆ ಬೇರೆ ಕಡೆ ನೋಡುವುದಿಲ್ಲ, ಹುಡುಗ ಬಿಟ್ಟರೆ ಹೇಳಿ ಕಳಿಸು ಎಂದರು. ಇಷ್ಟು ಕರುಣೆ ತೋರಿಸಬೇಕೆಂದು ಅವರಿಗೇನು ಕಡ್ಡಾಯವೇ?

ನಾನು ಅಜ್ಜಿಗೆ ಹೇಳಿದ್ದು ಗೊತ್ತಾಗಿ ಅತ್ತೆ ಎಂಟು ದಿನ ನನ್ನೊಡನೆ ಮಾತು ಬಿಟ್ಟರು, ಆಮೇಲೂ ಹೂಂ, ಊಹೂಂ ಅಷ್ಟೇ. ಬಂದ ಸಂಬಂಧ ಒದ್ದವಳು ಎಂದು ನೆರೆಯವರ ಮುಂದೆ ಅತ್ತರು. ಅವರದೂ ತಪ್ಪಲ್ಲ, ಹೆತ್ತ ಕರುಳು.

ಮೈದುನ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅಜ್ಜಿ ಏನಂದರೆಂದು ಮಾತ್ರ ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಆಮೇಲೆ ಎರಡು ಸೋಮವಾರ ಲಿಂಗ ಕಟ್ಟಿಕೊಂಡೇ ಹೋದ. ನಾನು ಬಸವಣ್ಣನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆ. (ಅವಸರ ಮಾಡಿದೆ.) ಮೂರನೆಯ ಸೋಮವಾರ ಕರಡಿಗೆ ಮತ್ತೆ ಗೂಟದಲ್ಲಿ.

ಶನಿವಾರ ಬಂದವನು ಕಾಲು ತೊಳೆದು ನೇರವಾಗಿ ಒಲೆಯ ಹತ್ತಿರ ಬಂದ. ಅತ್ತೆಯೂ ಅಲ್ಲೇ ಇದ್ದರು. ಅವರ ಎದುರಿಗೇ ಅಂದ:

"ವೈನಿ, ಈ ವಾರ ತಪ್ಪೇತ್ರಿ. ನಾಲತವಾಡಕ್ಕ ಹೇಳಿ ಕಳಸ್ರಿ, ಇನ್ನಷ್ಟು ದಿನ ಬೇಕಂತ. ಸುಳ್ಳು ಮಾತ್ರ ಹೇಳಬ್ಯಾಡ್ರಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗನಿಗೆ ರೊಟ್ಟಿ ಹಾಕು ಎಂದು ನನಗೆ ಹೇಳಿದರು. ಎಷ್ಟೋ ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ತುಂಬು ಮಾತು ಅದು.

ಇದನ್ನು ಬರೆಯಲೇ ಎಂದು ಮೈದುನನನ್ನೇ ಕೇಳಿದೆ. ಹೆಸರು ಹಾಕಬೇಡಿ, ಬೇರೆ ಹುಡುಗರ ಮನೆಯವರೂ ಓದಲಿ ಎಂದ. ಹುಣ್ಣಿಮೆಗೆ ಇನ್ನೂ ದಿನಗಳಿವೆ. ಬಿಡುತ್ತಾನೋ ಇಲ್ಲವೋ, ನಾಲತವಾಡದವರು ಕಾಯುತ್ತಾರೋ ಇಲ್ಲವೋ, ನಾನು ಹೇಳಲಾರೆ.

ಅವತ್ತು ಪಿತ್ತ ಎಂದಿದ್ದರೆ ಈ ಮನೆಗೆ ಸೊಸೆ ಖಂಡಿತ ಬರುತ್ತಿದ್ದಳು, ಹುಡುಗ ಹೀಗೆ ನಿಜ ಹೇಳಲು ಒಲೆಯ ಹತ್ತಿರ ಬರುತ್ತಿದ್ದನೇ?