ನಾಡಿದ್ದಿನ ಅಡುಗೆಯ ಗೌರಕ್ಕ

ಎಲ್ಲರೂ ಇವತ್ತಿನ ಊಟಕ್ಕೆ ಕೂತಿರುವಾಗ ನಮ್ಮಕ್ಕ ನಾಡಿದ್ದಿನ ಅಡುಗೆಯ ಮಾತು ತೆಗೆಯುತ್ತಿದ್ದಳು. ಅಪ್ಪ ಮೊದಲ ತುತ್ತು ಎತ್ತುವಷ್ಟರಲ್ಲಿ, "ನಾಡಿದ್ದು ಹುರುಳಿ ಬೇಯಿಸ್ತೀನಿ, ಆಗ್ಬಹುದಾ?" ಎನ್ನುವಳು.

"ಮೊದ್ಲು ಇದನ್ನ ಉಣ್ಣಕ್ಕೆ ಬಿಡೇ ಮಾರಾಯ್ತಿ," ಎಂದು ಅಪ್ಪ ನಗುತ್ತಿದ್ದರು.

ಸಾಗರದ ನಮ್ಮ ಕೇರಿಗೆಲ್ಲ ಅವಳು ಗೌರಕ್ಕ. ಅಮ್ಮ ತೀರಿಕೊಂಡ ಮೇಲೆ ಮನೆಯ ಒಲೆ ಅವಳ ಪಾಲಿಗೆ ಬಂತು. ಅಪ್ಪನಿಗೆ ಮರದ ಮಿಲ್ಲಿನಲ್ಲಿ ಕೂಲಿ. ಒಂದು ಸಂತೆಯಲ್ಲಿ ತಂದದ್ದು ಮುಂದಿನ ಸಂತೆಯವರೆಗೆ ಬರಬೇಕು. ಅಕ್ಕ ಸಂತೆಗೆ ಹೋದರೆ ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳುತ್ತಿರಲಿಲ್ಲ. ಖಾಲಿ ಚೀಲ ಬೀಸಿಕೊಂಡು ಬರೀ ನೋಡುತ್ತ ಹೋಗುವಳು. ಹಿಂದಿನಿಂದ ನಾನು.

"ಗೌರಕ್ಕ, ಮೆರವಣಿಗೆ ಮುಗೀತಾ? ಇನ್ನಾದ್ರೂ ಎಂತಾದ್ರೂ ತಗೊಳ್ಳಿ," ಎಂದು ತರಕಾರಿಯವನು ಕೂಗುವನು.

"ನಿನ್ ಬದನೆಕಾಯಿ ಮುಖ ಬಾಡಿಸ್ಕೊಂಡು ಕೂತದೆ, ಮಾತಾಡ್ಸೋದು ಹೆಂಗೆ?"

ಎರಡನೆಯ ಸುತ್ತಿನ ಹೊತ್ತಿಗೆ ವಾರದ ಅಡುಗೆ ಅವಳ ತಲೆಯಲ್ಲಿ ಕೂತಿರುತ್ತಿತ್ತು. ಸೊಪ್ಪು ಅವತ್ತೇ, ಬದನೆ ಮರುದಿನ, ಸಿಹಿಗುಂಬಳ ವಾರದ ಕೊನೆಗೆ. "ಬಾಡೋದನ್ನ ಮೊದ್ಲು ತಿನ್ಬೇಕು ಕಣೇ, ಗಟ್ಟಿ ಇರೋದು ಎಲ್ಲಿಗೂ ಓಡಿಹೋಗಲ್ಲ." ಹುರುಳಿ ಬೇಯಿಸಿದರೆ ಬಸಿದ ಕಟ್ಟು ಸಾರಾಗುವುದು, ಕಾಳು ಮರುದಿನದ ಪಲ್ಯವಾಗುವುದು. ಸೌತೆಕಾಯಿಯ ಹೋಳು ಹುಳಿಗೆ, ಸಿಪ್ಪೆ ಚಟ್ನಿಗೆ, ತಿರುಳು ದೋಸೆಗೆ. ಹಾಗೆಂದು ನಮ್ಮ ಹೊಟ್ಟೆ ಕಟ್ಟಿದವಳಲ್ಲ. ಶನಿವಾರ ಪಾಯಸ ತಪ್ಪುತ್ತಿರಲಿಲ್ಲ. "ಉಳಿಸೋದು ಮತ್ತೆ ಯಾಕೆ? ಉಣ್ಣಕ್ಕೆ!" ಎಂದು ಎರಡು ಸೌಟು ಬಡಿಸುವಳು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಬಂದ ವಿದ್ಯೆಯೆಂದರೆ ಇದೊಂದೇ. ತೀರ್ಥಹಳ್ಳಿಗೆ ಮದುವೆಯಾಗಿ ಹೋದಾಗ ಇದನ್ನೇ ಅಲ್ಲಿ ಮಾಡಿದೆ. ಅದೇ ಸಾಮಾನಿನಲ್ಲಿ ಮನೆಯವರೆಲ್ಲ ಹೊಟ್ಟೆ ತುಂಬ ಉಂಡು, ಡಬ್ಬದಲ್ಲಿ ಬೇಳೆಯೂ ಉಳಿಯತೊಡಗಿತು. ಅತ್ತೆಗೆ ಆಶ್ಚರ್ಯ. "ಯಾರೇ ಕಲಿಸಿದ್ದು?" ಎಂದರು.

"ಯಾರೂ ಇಲ್ಲ ಅತ್ತೆ, ನಾನೇ," ಎಂದುಬಿಟ್ಟೆ. ಹೊಸ ಸೊಸೆ; ಹೊಗಳಿಕೆ ಹೊಸದು.

ಅಕ್ಕನನ್ನು ಹೊಸನಗರಕ್ಕೆ ಕೊಟ್ಟಿತ್ತು; ಕೆಲವು ವರ್ಷಗಳಲ್ಲಿ ಅವಳ ಗಂಡ ತೀರಿಕೊಂಡರು. ಆಮೇಲೆ ಅಲ್ಲೇ ಮೈದುನನ ಮನೆಯಲ್ಲಿ ಅವಳು ಬೇಯಿಸಿ ಹಾಕಿಕೊಂಡಿದ್ದಳು. ಅದೇ ಹೊತ್ತಿಗೆ ತೀರ್ಥಹಳ್ಳಿಯ ಒಂದು ಹುಡುಗರ ಹಾಸ್ಟೆಲಿಗೆ ಅಡುಗೆಯವರು ಬೇಕಾಗಿದ್ದರು. ಅದರ ಮೇಲ್ವಿಚಾರಕರು ನಮ್ಮತ್ತೆಯ ಅಣ್ಣ. ಸುದ್ದಿ ತಿಳಿದು ಅಕ್ಕ ಬಂದಳು. ಇಸ್ತ್ರಿಯಿಲ್ಲದಿದ್ದರೂ ನೀಟಾಗಿ ಮಡಿಸಿದ್ದ ಸೀರೆ ಉಟ್ಟು ಅತ್ತೆಯ ಮುಂದೆ ಕೂತಳು.

"ನಿಮ್ಮಣ್ಣನಿಗೊಂದು ಮಾತು ಹೇಳಿದ್ರೆ ಅಲ್ಲೇ ಒಂದು ಕೋಣೆನೂ ಸಿಗ್ತದಂತೆ, ಅಮ್ಮ. ಇನ್ನೊಬ್ಬರ ಮನೇಲಿ ಎಷ್ಟು ದಿನ ಇರೋದು?"

"ಅಲ್ಲಮ್ಮ, ಅಷ್ಟು ಹುಡುಗ್ರಿಗೆ ಕಮ್ಮಿ ಸಾಮಾನಿನಲ್ಲಿ ಮಾಡ್ಬೇಕು. ಅದಕ್ಕೆ ಲೆಕ್ಕಾಚಾರ ಬೇಕು," ಎಂದರು ಅತ್ತೆ. "ನಿನ್ ತಂಗಿ ಹತ್ರ ಸ್ವಲ್ಪ ಕಲ್ತ್ಕೊಂಡು ಹೋಗು. ಎಲ್ಲ ಅವಳೇ ಕಂಡುಹಿಡ್ದಿದ್ದು!"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

"ಹೌದು ಅಮ್ಮ, ಅವಳು ಸಣ್ಣವಳಿದ್ದಾಗಿಂದ್ಲೂ ಜಾಣೆ," ಎಂದಳು ಅಕ್ಕ.

ಆ ಕೆಲಸ ನನಗೇ ಬಂತು. ಮನೆಗೂ ನಾಲ್ಕು ಕಾಸು ಬರಲಿ ಎಂದರು ಅತ್ತೆ.

ಮೊದಲ ವಾರವೇ ನನ್ನ ಜಾಣತನ ಬಯಲಾಯಿತು. ಮನೆಮಂದಿಯ ಅಡುಗೆ ಬೇರೆ, ಮೀಸೆ ಮೂಡುತ್ತಿರುವ ಹುಡುಗರ ಹಸಿವು ಬೇರೆ. ವಾರಕ್ಕೆಂದು ತಂದ ಕುಂಬಳಕಾಯಿಗಳು ಎರಡೇ ದಿನಕ್ಕೆ ಖಾಲಿ. ಆಮೇಲೆ ಅನ್ನ, ಉಪ್ಪಿನಕಾಯಿ, ಹುಡುಗರು ತಟ್ಟೆ ಬಡಿಯುವ ಸದ್ದು. ಭಾನುವಾರ ಹುಂಚದ ಮೇಲೆ ಹೋಗುವ ಬಸ್ಸು ಹಿಡಿದು ಹೊಸನಗರಕ್ಕೆ ಓಡಿದೆ. ಅಕ್ಕ ಬೈಯಬಹುದೆಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಲ್ಲಾ ಕುಂಬಳಾನೂ ಒಟ್ಟಿಗೆ ಹೆಚ್ಚಿದ್ಯೇನೆ ಪೆದ್ದಿ? ಬಾ, ಕೂತ್ಕೋ. ಹುಡುಗ್ರಿಗೆ ಯಾವ್ದು ಇಷ್ಟ, ಅದನ್ನ ಮೊದ್ಲು ಹೇಳು."

ಅಂದಿನಿಂದ ಹಾಸ್ಟೆಲಿನ ಅಡುಗೆ ಹೊಸನಗರದಲ್ಲಿ ನಿರ್ಧಾರವಾಗತೊಡಗಿತು. ನನಗೆ ಹೋಗಲಾಗದ ವಾರ ಅಕ್ಕ ಕಂಡಕ್ಟರನ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು. ಅವನೋ ಬಸ್ಸಿನಿಂದ ಇಳಿಯುವ ಮೊದಲೇ ಸ್ಟ್ಯಾಂಡಿಗೆಲ್ಲ ಕೇಳುವಂತೆ, "ಅಮ್ಮೋ, ಮಂಗಳವಾರ ಕೆಸುವಿನ ದಂಟಂತೆ! ಹುಣಸೆಹಣ್ಣು ಜಾಸ್ತಿ ಹಾಕ್ಬೇಕಂತೆ, ಇಲ್ದಿದ್ರೆ ಗಂಟಲು ತುರಿಸ್ತದಂತೆ!" ಎಂದು ಒದರುವನು. ಸಂಬಳ ಮಾತ್ರ ನಾನು ಎಣಿಸಿಕೊಳ್ಳುತ್ತಿದ್ದೆ. ಅರ್ಧ ಕೊಡಲು ಹೋದರೆ ಅಕ್ಕ ಸೆರಗು ಕೊಡವಿ ಎದ್ದುಬಿಡುವಳು.

ಒಮ್ಮೆ ಮಾತ್ರ ಬಾಯಿಬಿಟ್ಟು ಕೇಳಿದಳು. "ಆ ಹುಡುಗ್ರು ಉಣ್ಣೋದನ್ನ ಒಂದ್ಸಲ ನೋಡ್ಬೇಕಿತ್ತು ಕಣೇ."

ಕರೆತಂದೆ. ಅವತ್ತು ಹುರುಳಿ ಕಟ್ಟಿನ ಸಾರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಪಂಕ್ತಿಯುದ್ದಕ್ಕೂ ಕಣ್ಣು ಹಾಯಿಸುತ್ತಿದ್ದಳು. ಯಾರೋ ಸಾರನ್ನು ಸೊರ್ರನೆ ಎಳೆದರೆ ಇವಳ ಮುಖ ಅರಳುವುದು. "ಆ ಮೂಲೇದು ಮೂರನೇ ಸಲ ಹಾಕಿಸ್ಕೊಳ್ತಾ ಇದೆ ನೋಡು!" ಎಂದು ನನ್ನ ತೋಳು ಚಿವುಟಿದಳು.

ಮೇಲ್ವಿಚಾರಕರು ಅತ್ತ ಬಂದು, "ಇವರು ಯಾರಮ್ಮ?" ಎಂದರು.

ಅಕ್ಕ ನನ್ನ ಮುಖ ನೋಡಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಬೇಕಿರಲಿಲ್ಲ.

"ನಮ್ಮಕ್ಕ. ಊರು ನೋಡ್ಲಿಕ್ಕೆ ಬಂದಿದ್ದಾಳೆ," ಎಂದೆ.

ಮಧ್ಯಾಹ್ನದ ಬಸ್ಸಿಗೇ ಹತ್ತಿಸಿದೆ. ಕಿಟಕಿಯಿಂದ ತಲೆ ಹೊರಹಾಕಿ, "ನಾಡಿದ್ದಿಗೆ ಕಡ್ಲೆ ನೆನೆಹಾಕು, ಮರೀಬೇಡ," ಎಂದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ. ಆ ಮಳೆಗಾಲದ ಜ್ವರದಿಂದ ಅವಳು ಏಳಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಮೇಲ್ವಿಚಾರಕರು ಕರೆದು, "ಯಾಕಮ್ಮ, ಊಟ ಮೊದ್ಲಿನ ಹಾಗಿಲ್ವಲ್ಲ?" ಎಂದರು. ನಿಂತ ಕಡೆಯೇ ಎಲ್ಲ ಹೇಳಿಬಿಟ್ಟೆ. ಮೊದಲಿನಿಂದ, ಒಂದೂ ಬಿಡದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ಕೂತರು.

"ಅವತ್ತು ಬಾಗಿಲ ಹತ್ರ ನಿಂತಿದ್ರಲ್ಲ, ಅವ್ರಾ?"

"ಹೌದು."

"ಅವ್ರು ಊಟ ಮಾಡಿದ್ರಾ?"

ಬಸ್ಸಿಗೆ ಹೊತ್ತಾಗುತ್ತದೆಂದು ನಾನು ಅವಳಿಗೆ ತಟ್ಟೆ ಇಟ್ಟಿರಲಿಲ್ಲ.